ಸೇತುವೆಯ ಮೇಲೆ ನಿಲ್ಲುತ್ತಿದ್ದ ಗಾಡಿ

ಹೋದ ವಾರ ವಾಡಿ ಸ್ಟೇಶನ್ನಿನ ಹೊರಗೆ ಪಂಕ್ಚರ್ ಹಾಕಿಸುತ್ತ ನಿಂತಿದ್ದೆ. ಪಕ್ಕದ ಅಂಗಡಿಯಲ್ಲಿ ಮಿಸ್ತ್ರಿಯೊಬ್ಬ ಹಳೆಯ ಗಾಡಿಯ ಕಾರ್ಬುರೇಟರ್ ಬಿಚ್ಚಿ ಪೆಟ್ರೋಲಿನಲ್ಲಿ ತೊಳೆಯುತ್ತಿದ್ದ. ಅಷ್ಟರಲ್ಲಿ ಯಾರೋ ಹಿರಿಯರು, ಪೂಜೆ ಮುಗಿಸಿ ನೇರ ಬಂದವರು, ನೆರಳು ಹುಡುಕಿ ನನ್ನ ಬಾಜೂಕೆ ಬಂದು ನಿಂತರು. ಅವರ ಹಣೆಯ ಗೋಪೀಚಂದನ ಇನ್ನೂ ಹಸಿ ಇತ್ತು. ಪೆಟ್ರೋಲು ಮತ್ತು ಗೋಪೀಚಂದನ... ಆ ಎರಡು ವಾಸನೆ ಒಂದೇ ಉಸಿರಿನಲ್ಲಿ ಮೂಗಿಗೆ ಬಂದು ಎಷ್ಟು ವರ್ಷವಾಗಿತ್ತೋ! ಒಂದು ಗಳಿಗೆ ನಾನು ಮತ್ತೆ ನಮ್ಮ ಗಣಿತ ಮಾಸ್ತರರ ಬೆನ್ನ ಹಿಂದೆ ಕೂತಿದ್ದೆ. ಎದುರಿಗೆ ಕಾಗಿಣಾ ಹೊಳೆಯ ಆ ತಗ್ಗು ಸೇತುವೆ ಬರುತ್ತಿತ್ತು.

ಆಗ ನಾನು ಹೊಸದಾಗಿ ಶಿಕ್ಷಕನ ನೌಕರಿಗೆ ಸೇರಿದವನು. ಚಿತ್ತಾಪುರದಲ್ಲಿ ಮನೆ ಮಾಡಿದ್ದೆ, ಶಾಲೆ ಹೊಳೆಯಾಚೆಯ ಹಳ್ಳಿಯಲ್ಲಿ. ಅದೇ ಶಾಲೆಯ ಗಣಿತ ಮಾಸ್ತರರು ನಮ್ಮ ಓಣಿಯವರೇ. ನನಗಿಂತ ಹದಿನೈದು ವರ್ಷವಾದರೂ ದೊಡ್ಡವರು. ಮದುವೆಯಾಗಿರಲಿಲ್ಲ, ತಾಯಿಯ ಜೊತೆ ಇದ್ದರು. ನಸುಕಿನಲ್ಲಿ ಎದ್ದು ಸ್ನಾನ, ಸಂಧ್ಯಾವಂದನೆ, ಮುದ್ರೆ ಎಲ್ಲ ಮುಗಿಸಿದವರು ಅದೇ ಕೈಯಿಂದ ಗಾಡಿಯ ಚೈನಿಗೆ ಎಣ್ಣೆ ಬಿಡಲು ಕೂಡುತ್ತಿದ್ದರು. ಮಾತು ಕಡಿಮೆ. ಯಾವುದೇ ವಿಷಯ ಬಂದರೂ "ಯಾಕ?" ಅನ್ನುವ ಒಂದು ಪ್ರಶ್ನೆ ಕೇಳಿ ಸುಮ್ಮನಾಗುವರು. ಹುಡುಗರು ಲೆಕ್ಕ ಸರಿ ಮಾಡಿದರೂ ಅದೇ ಪ್ರಶ್ನೆ. ತಪ್ಪು ಮಾಡಿದರೂ ಅದೇ ಪ್ರಶ್ನೆ.

ಬಸ್ಸಿನ ಹೊತ್ತು ಶಾಲೆಯ ಹೊತ್ತಿಗೆ ಕೂಡುತ್ತಿರಲಿಲ್ಲ. ಅದಕ್ಕೇ ಅವರು ಒಂದು ಹಳೆಯ ಮೋಟಾರ್‌ಸೈಕಲ್ ಕೊಂಡರು. ಊರಿನ ಮಿಸ್ತ್ರಿಯೇ ಕೊಡಿಸಿದ್ದು. "ಮಾಲಕ ಇಲ್ರಿ ಮಾಸ್ತರ್, ಅವನ ಅಣ್ಣ ಮಾರ್ಲಿಕತ್ತಾನ. ಇಂಜಿನ್ ಮಾತ್ರ ಭಾಳ ಚಲೋ ಅದ," ಅಂದಿದ್ದ. ಮಾಲಕ ಇಲ್ಲ ಅಂದರೆ ಊರಿನಲ್ಲಿಲ್ಲ ಅಂತ ಇಬ್ಬರೂ ತಿಳಿದೆವು.

ಆ ಗಾಡಿಯ ಮೇಲೆ ಮೊದಲ ದಿನ ಶಾಲೆಗೆ ಹೋದದ್ದು ನನಗೆ ಚೆನ್ನಾಗಿ ನೆನಪಿದೆ. ಬಿಸಿಯೂಟದ ಅಡುಗೆ ಮಾಡುತ್ತಿದ್ದ ಹೆಂಗಸನ್ನು ನಾವೆಲ್ಲ ಅಡಿಗಿ ಅಕ್ಕ ಅನ್ನುತ್ತಿದ್ದೆವು. ಇನ್ನೂ ಸಣ್ಣ ವಯಸ್ಸು, ಹಣೆ ಬೋಳು. ತವರಿನಲ್ಲಿದ್ದಳು. ಯಾರ ಜೊತೆಗೂ ಹೆಚ್ಚು ಮಾತಿಲ್ಲ. ಗಾಡಿ ಇನ್ನೂ ಗೇಟಿನ ಹೊರಗಿರುವಾಗಲೇ, ಬರಿ ಸಪ್ಪಳ ಕೇಳಿಯೇ, ಅವಳು ಸೌಟು ಹಿಡಿದುಕೊಂಡು ಹೊರಗೆ ಓಡಿ ಬಂದಳು. ನಮ್ಮನ್ನು ನೋಡಲಿಲ್ಲ. ಗಾಡಿಯನ್ನು ನೋಡಿದಳು. ಸೌಟಿನಿಂದ ಬೇಳೆ ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಆಮೇಲೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಆ ದಿನ ಸಾಂಬಾರಿಗೆ ಉಪ್ಪು ಬಿದ್ದಿರಲಿಲ್ಲ.

ಮಧ್ಯಾಹ್ನ ಹೆಡ್ ಮಾಸ್ತರರು ನಮ್ಮಿಬ್ಬರನ್ನು ಕರೆದು ಹೇಳಿದರು. ಆ ಗಾಡಿ ಅವಳ ಗಂಡನದು. ವಾಡಿಯ ಒಂದು ಸಿಮೆಂಟ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ, ಚಿತ್ತಾಪುರದವನು. ಹಿಂದಿನ ಮಳೆಗಾಲದಲ್ಲಿ ಗಂಡ ಹೆಂಡತಿ ನಡುವೆ ಏನೋ ಜಗಳವಾಗಿ ಅವಳು ತವರಿಗೆ ಬಂದಿದ್ದಳು. ಕೆಲವು ದಿನದ ಮೇಲೆ ಅವನ ಗಾಡಿ ಸೇತುವೆಯ ನಟ್ಟನಡುವೆ ಸ್ಟ್ಯಾಂಡ್ ಹಾಕಿ ನಿಂತಿತ್ತು. ಅವನು ಇರಲಿಲ್ಲ. ಹೆಣ ಕೆಳಗೆ ಎಲ್ಲೋ ಜಾಲಿಯ ಬೇರಿಗೆ ಸಿಕ್ಕಿ ದೊರೆಯಿತು.

"ಹಾರಿದ ಅಂತಾರ," ಅಂದರು ಹೆಡ್ ಮಾಸ್ತರರು, ದನಿ ತಗ್ಗಿಸಿ. "ಹೆಂಡ್ತಿ ಬಾಯಿಗೆ ಹೇಸಿ ಹಾರಿದ ಅಂತ ಗಂಡನ ಮನಿಯವರು ಆಕಿನ್ನ ಹೊಸ್ತಿಲಾ ತುಳಿಗೊಟ್ಟಿಲ್ಲ. ಈ ಊರಾಗೂ ಮಂದಿ ಹಿಂದಿಂದ ಅದೇ ಅಂತಾರ."

ಸಂಜೆ ಮಾಸ್ತರರು ಗಾಡಿ ಚಾಲೂ ಮಾಡುವ ಮೊದಲು ಅಡುಗೆ ಮನೆಯ ಕಡೆ ಒಮ್ಮೆ ನೋಡಿ, ಗೇಟಿನ ಹೊರಗೆ ದೂರದವರೆಗೆ ತಳ್ಳಿಕೊಂಡು ಹೋಗಿ ಅಲ್ಲಿ ಕಿಕ್ ಹೊಡೆದರು. ಅಂದಿನಿಂದ ಹಾಗೇ. ಬರುವಾಗಲೂ ತಿರುವಿನಲ್ಲೇ ಇಂಜಿನ್ ಆರಿಸಿ ಶಾಲೆಯವರೆಗೆ ತಳ್ಳುತ್ತಿದ್ದರು, ಅವಳಿಗೆ ಸಪ್ಪಳ ಕೇಳಬಾರದೆಂದು.

ಆಮೇಲಿನ ವಾರವೇ ಇರಬೇಕು, ಗಾಡಿ ಮೊದಲ ಸಲ ನಿಂತದ್ದು.

ಆ ಸೇತುವೆಯ ಬಗ್ಗೆ ಹೇಳಬೇಕು. ಸೇತುವೆ ಅನ್ನುವುದಕ್ಕಿಂತ ಹೊಳೆಗೆ ಅಡ್ಡ ಹಾಸಿದ ಕಲ್ಲಿನ ಪಟ್ಟಿ ಅನ್ನಬಹುದು. ಒಂದು ಲಾರಿ ಬಂತೆಂದರೆ ಎದುರಿನ ಸೈಕಲ್ಲು ಅಂಚಿಗೆ ಅಂಟಿ ನಿಲ್ಲಬೇಕು. ಎರಡೂ ಅಂಚಿಗೆ ನಿಲ್ಲಿಸಿದ್ದ ಗಿಡ್ಡ ಕಲ್ಲುಗಳಲ್ಲಿ ಹೆಚ್ಚಿನವು ಯಾವ ಯಾವದೋ ವರ್ಷದ ಪ್ರವಾಹದಲ್ಲಿ ಕಿತ್ತು ಹೋಗಿ, ಅವು ಇದ್ದ ಜಾಗದಲ್ಲಿ ಗುಣಿಗಳು ಮಾತ್ರ ಉಳಿದಿದ್ದವು. ಕೆಳಗೆ ಕರಿ ಬಂಡೆ, ಅದರ ಮೇಲೆ ಕೆಂಪು ನೀರು. ಬಿಸಿಲಿದ್ದಾಗಲೂ ಆ ಹೊಳೆಯನ್ನು ನಂಬುವ ಹಾಗಿರಲಿಲ್ಲ. ಮೇಲೆ ಚಿಂಚೋಳಿ ಗುಡ್ಡದ ಕಡೆ ಮಳೆ ಬಿದ್ದರೆ ಸಾಕು, ನಮ್ಮ ಕಡೆ ಒಂದು ಹನಿ ಬೀಳದೆಯೂ ನೀರು ಏರುತ್ತಿತ್ತು.

ಸರಿಯಾಗಿ ಆ ಸೇತುವೆಯ ನಡುವೆ ಇಂಜಿನ್ನಿಗೆ ದಮ್ಮು ಹತ್ತಿದ ಹಾಗೆ ಆಯಿತು. ಎಕ್ಸಿಲರೇಟರ್ ತಿರುವಿದರೂ ಜೋರಿಲ್ಲ. ಒಂದೆರಡು ಸಲ ಕೆಮ್ಮಿ ಗಪ್ಪಾಯಿತು. ಮಾಸ್ತರರು ಇಳಿದು, ಟಾಕಿಯ ಮುಚ್ಚಳ ತೆಗೆದು, ಗಾಡಿ ಅಲುಗಾಡಿಸಿ ಒಳಗೆ ನೋಡಿದರು. ಪೆಟ್ರೋಲು ತುಳುಕುತ್ತಿತ್ತು. ಮುಚ್ಚಳ ಹಾಕಿ ನಾಲ್ಕಾರು ಕಿಕ್ ಹೊಡೆದ ಮೇಲೆ ಏನೂ ಆಗದ ಹಾಗೆ ಚಾಲೂ ಆಯಿತು. ಕಸ ಬಂದಿರಬೇಕು ಅಂದುಕೊಂಡೆವು.

ಮರುದಿನ ಅಲ್ಲೇ ನಿಂತಿತು. ಅದರ ಮರುದಿನವೂ.

ಮಿಸ್ತ್ರಿ ಪ್ಲಗ್ ಬದಲಿಸಿದ. ಕಾರ್ಬುರೇಟರ್ ಬಿಚ್ಚಿ ತೊಳೆದ. ಪೆಟ್ರೋಲಿನ ನಳ, ಪೈಪು, ಕಾಯಿಲ್ ಎಲ್ಲ ಹೊಸದು ಹಾಕಿದ. ಅಂಗಡಿಯ ಮುಂದೆ ಎಷ್ಟು ಹೊತ್ತು ಓಡಿಸಿದರೂ ಗಾಡಿ ಗಡಿಯಾರದ ಹಾಗೆ ನಡೆಯುತ್ತಿತ್ತು. ಒಂದು ರವಿವಾರ ಅವನೇ ನಮ್ಮ ಗಾಡಿ ಹತ್ತಿ ಸೇತುವೆಯವರೆಗೆ ಬಂದ. ಮಾಸ್ತರರು ಬೇರೊಂದು ಗಾಡಿಯಲ್ಲಿ ನನ್ನನ್ನು ಕೂಡ್ರಿಸಿಕೊಂಡು ಹಿಂದೆ ಬಂದರು. ಸೇತುವೆಗೆ ಸ್ವಲ್ಪ ಈಚೆ, ಏರಿನ ಮೇಲೆ, ಅವನು ನಿಲ್ಲಿಸಿ ಇಂಜಿನ್ನಿನ ಮೇಲೆ ಕೈಯಿಟ್ಟು ಕಾವು ನೋಡಿದ, ಟಾಕಿ ತೆಗೆದು ಪೆಟ್ರೋಲು ನೋಡಿದ, ಮತ್ತೆ ಹೊರಟ. ಸೇತುವೆ ದಾಟಿತು. ತಿರುಗಿ ಬಂದ. ಆಗಲೂ ದಾಟಿತು.

"ನನ್ನ ಕೈಯಾಗ ಒಮ್ಮೆನೂ ನಿಂದ್ರಲಿಲ್ಲ ನೋಡ್ರಿ," ಅಂದ. ಆಮೇಲೆ ಮಾಸ್ತರರ ಮುಖ ನೋಡದೆ, "ಇದರಾಗ ಇನ್ನ ಬಿಚ್ಚಲಿಕ್ಕ ಏನೂ ಉಳದಿಲ್ರಿ ಸಾಬ್. ಇದು ನನ್ನ ಕೆಲಸದ್ದಲ್ಲ. ಎಲ್ಲಿಯರ ದೇವರ ಹೇಳಿಕಿ ಕೇಳಸ್ರಿ..." ಅಂದ.

ಸುದ್ದಿ ಹಬ್ಬಲು ಎಷ್ಟು ಹೊತ್ತು? ಸತ್ತವನು ತನ್ನ ಗಾಡಿಯನ್ನು ಸೇತುವೆಯ ಮೇಲೆ ಹಿಡಿದು ನಿಲ್ಲಿಸುತ್ತಾನೆ ಅಂತ ಎರಡೂ ದಂಡೆಯ ಊರಲ್ಲಿ ಮಾತಾಯಿತು. ಕುರಿ ಕಾಯುವವರು ನಮ್ಮನ್ನು ಕಂಡರೆ ಏಳುತ್ತಿದ್ದರು, ನಿಲ್ಲುತ್ತದೋ ಇಲ್ಲವೋ ನೋಡಲಿಕ್ಕೆ. ಮಾಸ್ತರರ ತಾಯಿ ಹ್ಯಾಂಡಲ್ಲಿಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದರು. "ಬ್ಯಾಡಪ್ಪಾ, ಸತ್ತವನ ಗಾಡಿ ಮನಿಯಾಗ ಬ್ಯಾಡ," ಅಂತ ದಿನಾ ಮುಂಜಾನೆ ಬಾಗಿಲಲ್ಲಿ ನಿಂತು ಹೇಳುವರು. ಮಾಸ್ತರರು ನಿಂಬೆಹಣ್ಣು ಬಿಚ್ಚಲಿಲ್ಲ. ತಾಯಿಯ ಮನಸ್ಸಿಗೆ ಅಂದರು. ಆದರೆ ಸೇತುವೆಯ ಇಳಿಜಾರು ಬಂದ ಕೂಡಲೇ ಅವರ ಹೆಗಲು ಬಿಗಿಯಾಗುವುದು ಹಿಂದೆ ಕೂತ ನನಗೆ ತಿಳಿಯುತ್ತಿತ್ತು. ಒಂದು ದಿನ, ಗಾಡಿ ನಿಂತು ಮತ್ತೆ ಹೊರಟ ಮೇಲೆ, ಮುಖ ತಿರುಗಿಸದೆ ಅಂದರು:

"ಖರೇ ಹೇಳ್ತೀನಿ ತಮ್ಮಾ, ನನಗೂ ಅಂಜಿಕಿ ಆಗ್ಲಿಕತ್ತದ."

ಅವರಂಥವರ ಬಾಯಿಂದ ಆ ಮಾತು ಕೇಳಿ ನಾನು ತಿರುಗಿ ಸೇತುವೆಯನ್ನು ನೋಡಿದೆ. ಆದರೂ ಅವರು ಗಾಡಿ ಬಿಡಲಿಲ್ಲ. ನಾನೂ ಹಿಂದೆ ಕೂಡುವುದು ಬಿಡಲಿಲ್ಲ.

ಜಿಟಿಜಿಟಿ ಮಳೆಯ ಒಂದು ಮುಂಜಾನೆ. ಗಾಡಿ ನಿಂತಿತು. ಮಾಸ್ತರರು ಎಡಗಡೆಯ ಅಂಚಿಗೆ ಸರಿಸಿ ಸ್ಟ್ಯಾಂಡ್ ಹಾಕಿದರು. ಆ ಗಾಡಿಗೆ ಪೆಟ್ರೋಲಿನ ನಳ ಇರುವುದು ಎಡಕ್ಕೆ. ಅದನ್ನು ನೋಡಬೇಕೆಂದರೆ ಗಾಡಿ ಮತ್ತು ಅಂಚಿನ ನಡುವಿನ ಒಂದು ಮೊಳ ಜಾಗದಲ್ಲಿ, ಹೊಳೆಗೆ ಬೆನ್ನು ಮಾಡಿ ಕುಕ್ಕರಗಾಲಲ್ಲಿ ಕೂಡಬೇಕು. ಅವರು ಹಾಗೆ ಕೂತಿದ್ದರು. ನಾನು ಹಿಂದೆ ನಿಂತಿದ್ದೆ. ಶಹಾಬಾದಿನ ಕಲ್ಲು ಹೇರಿಕೊಂಡ ಒಂದು ಲಾರಿ ಎದುರಿನಿಂದ ಬಂತು. ನಾನು ಕೈ ಮಾಡಿದೆ, ಒದರಿದೆ. ಅದು ವೇಗ ಕಡಿಮೆ ಮಾಡಲಿಲ್ಲ. ಅದರ ಭಾರಕ್ಕೆ ಸೇತುವೆಯೇ ಅದುರಿ, ಸ್ಟ್ಯಾಂಡಿನ ಮೇಲಿದ್ದ ಗಾಡಿ ಮಾಸ್ತರರ ಕಡೆಗೆ ವಾಲಿತು. ಅವರು ತಟ್ಟನೆ ಎದ್ದು ಒಂದು ಹೆಜ್ಜೆ ಹಿಂದೆ ಇಟ್ಟರು. ಹಿಂದೆ ನೆಲವಿರಲಿಲ್ಲ. ಕಿತ್ತು ಹೋದ ಕಲ್ಲಿನ ಗುಣಿಯಿತ್ತು. ಹಿಮ್ಮಡಿ ಅದರೊಳಗೆ ಸಿಕ್ಕು ಅವರು ಕೂತ ಹಾಗೆ ಬಿದ್ದರು. ಒಂದು ಕಾಲು ನೀರಿನ ಮೇಲೆ ತೂಗಾಡುತ್ತಿತ್ತು. ನಾನು ಒಂದು ಕೈಯಿಂದ ಗಾಡಿ, ಇನ್ನೊಂದರಿಂದ ಅವರ ಅಂಗಿಯ ಕೊರಳು ಹಿಡಿದಿದ್ದೆ. ಲಾರಿ ಅದಾಗಲೇ ದಂಡೆ ಹತ್ತಿ ಹೋಗಿತ್ತು.

ಎದ್ದ ಮೇಲೆ ಅವರು ಮೈ ಝಾಡಿಸಲಿಲ್ಲ, ಏನೂ ಮಾಡಲಿಲ್ಲ. ತಾವು ಕೂತಿದ್ದ ಆ ಒಂದು ಮೊಳ ಜಾಗವನ್ನೇ ನೋಡುತ್ತ ನಿಂತರು. ಮಳೆ ಅವರ ಹಣೆಯ ಗೋಪೀಚಂದನವನ್ನು ಮೂಗಿನವರೆಗೆ ಇಳಿಸಿತ್ತು.

"ಅವಾ ಹಾರಿಲ್ಲ," ಅಂದರು.

ನನಗೆ ಗೊತ್ತಾಗಲಿಲ್ಲ. "ಯಾರ್ರಿ ಸರ್?"

"ಈ ಗಾಡಿಯವ. ಅವನ ಗಾಡಿನೂ ಇಲ್ಲೇ ನಿಂತದ. ಅವನೂ ಹಿಂಗೇ ಕುಂತಾನ. ಹಿಡೀಲಿಕ್ಕ ಅವನ ಹಿಂದ ಯಾರೂ ಇರಲಿಲ್ಲ, ಅಷ್ಟೇ." ಗಾಡಿ ನೆಟ್ಟಗೆ ಮಾಡುತ್ತ ಮತ್ತೆ ಅಂದರು. "ಆದರ ಬರೇ ನಾ ಹೇಳಿದ್ರ ಯಾರು ಕೇಳ್ತಾರ? ಗಾಡಿ ಯಾಕ ನಿಂದ್ರತದ ಅನ್ನೂದು ಗೊತ್ತಾಗಬೇಕು ತಮ್ಮಾ. ಅದು ಗೊತ್ತಾಗೂತನಾ ಆ ಹೆಣ್ಣುಮಗಳ ಮ್ಯಾಲಿನ ಮಾತು ಹೋಗಂಗಿಲ್ಲ."

ಅಂದಿನಿಂದ ಅವರಿಗೆ ಬೇರೆ ಧ್ಯಾಸವೇ ಇರಲಿಲ್ಲ. ಸಂಜೆ ಮಿಸ್ತ್ರಿಯ ಅಂಗಡಿಯಲ್ಲಿ ಅವನ ಸಮ ಕೂತು ಒಂದೊಂದೇ ಭಾಗ ಕೈಯಲ್ಲಿ ಹಿಡಿದು ಕೇಳುವರು: ಇದು ಕೆಟ್ಟರೆ ಏನಾಗುತ್ತದೆ? ಕಾವಿನಿಂದ ಕೆಟ್ಟರೆ ತಣ್ಣಗಾಗುವವರೆಗೆ ಚಾಲೂ ಆಗಬಾರದಲ್ಲ, ಇದು ಕೂಡಲೇ ಯಾಕೆ ಆಗುತ್ತದೆ? ಕಸವಾದರೆ ಎಲ್ಲೆಂದರಲ್ಲಿ ನಿಲ್ಲಬೇಕಲ್ಲ, ಅಲ್ಲೇ ಯಾಕೆ? ಮಿಸ್ತ್ರಿಗೂ ಹಟ ಬಂತು. ಹಳೆಯ ಗಿರಾಕಿಗಳನ್ನು ಕಾಯಿಸಿ ಇಬ್ಬರೂ ಅದರ ಮುಂದೆ ಕೂಡುತ್ತಿದ್ದರು. ಉತ್ತರ ಮಾತ್ರ ಸಿಗಲಿಲ್ಲ. ಮಳೆಗಾಲ ಬಲಿಯುತ್ತಿತ್ತು, ಹೊಳೆಯ ನೀರು ದಿನದಿನಕ್ಕೆ ಸೇತುವೆಯ ಹೊಟ್ಟೆಗೆ ಹತ್ತಿರ ಬರುತ್ತಿತ್ತು.

ಉತ್ತರ ಸಿಕ್ಕಿದ್ದು ಶಾಲೆಯ ಅಡುಗೆ ಮನೆಯಲ್ಲಿ. ಕೈ ತೊಳೆಯಲು ಹೋಗಿದ್ದೆವು. ಅಡಿಗಿ ಅಕ್ಕ ಎಣ್ಣೆಯ ಹೊಸ ಡಬ್ಬಿ ಒಡೆದಿದ್ದಳು. ಒಂದು ಮೂಲೆಗೆ ಮೊಳೆಯಿಂದ ತೂತು ಹೊಡೆದು ಬಗ್ಗಿಸಿದರೆ ಎಣ್ಣೆ ಸ್ವಲ್ಪ ಬಂದು, ಗುಳಗುಳ ಅಂದು, ನಿಂತೇ ಹೋಯಿತು. ಅವಳು ಡಬ್ಬಿ ನೆಟ್ಟಗೆ ಮಾಡಿ, ಎದುರಿನ ಮೂಲೆಗೆ ಇನ್ನೊಂದು ತೂತು ಹೊಡೆದಳು. ಈಗ ಎಣ್ಣೆ ದಾರದ ಹಾಗೆ ಇಳಿಯಿತು.

ಮಾಸ್ತರರು ಒದ್ದೆ ಕೈಯಲ್ಲೇ ನಿಂತುಬಿಟ್ಟರು. "ಗಾಳಿ," ಅಂದರು. "ಗಾಳಿ ಒಳಗ ಹೋಗಲಿಕ್ಕೇ ಬೇಕು."

ಹೊರಗೆ ಬಂದು ನನ್ನ ತೋಳು ಹಿಡಿದು ಹೇಳತೊಡಗಿದರು. ಅಷ್ಟು ಮಾತು ಅವರು ಒಮ್ಮೆಲೇ ಆಡಿದ್ದು ನಾನು ಕೇಳಿರಲಿಲ್ಲ. ಟಾಕಿಯ ಮುಚ್ಚಳದಲ್ಲಿ ಸೂಜಿ ಮೊನೆಯಷ್ಟು ಒಂದು ತೂತು ಇರುತ್ತದೆ. ಪೆಟ್ರೋಲು ಕೆಳಗಿಳಿದಷ್ಟು ಗಾಳಿ ಅದರಿಂದ ಒಳಗೆ ಬರಬೇಕು. ಅದು ಮುಚ್ಚಿದ್ದರೆ ಪೆಟ್ರೋಲು ಇಳಿಯುತ್ತ ಇಳಿಯುತ್ತ ಒಂದು ಕಡೆ ನಿಂತೇ ಬಿಡುತ್ತದೆ. ಪೆಟ್ರೋಲು ಇದೆಯೋ ಇಲ್ಲವೋ ಅಂತ ನೋಡಲು ನಾವು ಮುಚ್ಚಳ ತೆಗೆದ ಕೂಡಲೇ ಗಾಳಿ ಹೊಕ್ಕು ಎಲ್ಲ ಸರಿಯಾಗುತ್ತದೆ. ಅಂದರೆ ರೋಗ ಹುಡುಕಲು ಹೋದ ಕೈಯೇ ಪ್ರತಿ ಸಲ ರೋಗವನ್ನು ಮುಚ್ಚಿಡುತ್ತಿತ್ತು! ಮತ್ತೆ, ಅಲ್ಲೇ ಯಾಕೆ? ದಿನಾ ಮುಂಜಾನೆ ಮನೆಯ ಮುಂದೆ ಮುಚ್ಚಳ ತೆಗೆದು ಪೆಟ್ರೋಲು ನೋಡಿಯೇ ಅವರು ಹೊರಡುತ್ತಿದ್ದರು. ಅಲ್ಲಿಂದ ಲೆಕ್ಕ ಶುರು. ಗಾಳಿ ಸಾಲದೆ ಇಂಜಿನ್ ಸಾಯುವಷ್ಟು ದೂರ ಬಂದರೆ ಸರಿಯಾಗಿ ಸೇತುವೆಯ ನಡುವೆ. ಸಂಜೆ ಹತ್ತಿರದ ಶಾಲೆಯಿಂದ ಹೊರಡುವಾಗಲೂ ಹಾಗೇ ಮುಚ್ಚಳ ತೆಗೆದು ನೋಡುವರು, ಅದಕ್ಕೇ ಬರುವಾಗ ಸೇತುವೆಯ ಮೇಲೆ ನಿಲ್ಲುತ್ತಿರಲಿಲ್ಲ.

"ಮಿಸ್ತ್ರಿ ಬಂದಾಗ ಯಾಕ ನಿಂದ್ರಲಿಲ್ಲ?" ಅಂದೆ.

"ಅವಾ ಏರಿನ ಮ್ಯಾಲ ಟಾಕಿ ತೆಗದು ನೋಡಿದ್ದ. ನೆನಪದ ಏನು?"

ಮರುದಿನ ಅವರೂ ಏರಿನ ಮೇಲೆ ನಿಲ್ಲಿಸಿ ಮುಚ್ಚಳ ತೆಗೆದು ಹಾಕಿದರು. ಸೇತುವೆಗೆ ಇಳಿದೆವು. ನಡುವೆ ಬಂತು. ನಾನು ಉಸಿರು ಹಿಡಿದಿದ್ದೆ. ಇಂಜಿನ್ ಕೆಮ್ಮಲಿಲ್ಲ. ದಾಟಿದೆವು. ಶಾಲೆಯ ತಿರುವು ಬಂದರೂ ಅವರು ತಿರುಗಿಸಲಿಲ್ಲ, ಮುಂದೆ ಹೊರಟರು. ಬಹಳ ದೂರ ಹೋದ ಮೇಲೆ, ಎರಡೂ ಕಡೆ ತೊಗರಿ ಹೊಲ, ಸುತ್ತ ಒಂದು ನರಪಿಳ್ಳೆಯಿಲ್ಲ, ಅಲ್ಲಿ ಗಾಡಿ ದಮ್ಮು ಹತ್ತಿ ನಿಂತಿತು. ಮಾಸ್ತರರು ಕಿವಿಯನ್ನು ಟಾಕಿಯ ಹತ್ತಿರ ತಂದು, ನನ್ನನ್ನೂ ಬಗ್ಗಿಸಿ, ಮೆಲ್ಲಗೆ ಮುಚ್ಚಳ ತಿರುವಿದರು. ಸುಂಯ್... ಅಂತ ಗಾಳಿ ಒಳಗೆ ಎಳೆದುಕೊಂಡಿತು, ಮುಳುಗಿ ಎದ್ದವನು ಉಸಿರು ಎಳೆದ ಹಾಗೆ.

"ದೆವ್ವ ಆಗಿದ್ರ ಬ್ರಿಜ್ ಬಿಟ್ಟು ಬರ್ತಿರಲಿಲ್ಲ," ಅಂದರು. ನಕ್ಕರು. ಆ ಒಂದು ವರ್ಷದಲ್ಲಿ ಅವರು ನಕ್ಕದ್ದು ನಾನು ನೋಡಿದ್ದು ಅಂದೇ.

ಸಂಜೆ ಮಿಸ್ತ್ರಿ ಮುಚ್ಚಳ ಬಿಚ್ಚಿ ಸೂಜಿ ಆಡಿಸಿದ. ಸಾಸಿವೆ ಕಾಳಿನಷ್ಟು ಬೂದು ಹರಳೊಂದು ಹೊರಗೆ ಬಿತ್ತು. ವಾಡಿಯ ಸಿಮೆಂಟ್ ಧೂಳು, ಎಷ್ಟೋ ವರ್ಷ ಕಾರ್ಖಾನೆಯ ಅಂಗಳದಲ್ಲಿ ಗಾಡಿಯ ಮೇಲೆ ಕೂತು, ಮಳೆಗೆ ನೆನೆದು ಕಲ್ಲಾಗಿತ್ತು. ಮಿಸ್ತ್ರಿ ಅದನ್ನು ಅಂಗೈ ಮೇಲೆ ಇಟ್ಟುಕೊಂಡು ಬಹಳ ಹೊತ್ತು ನೋಡಿದ. "ಯಾ ಅಲ್ಲಾ, ಇಷ್ಟಕ್ಕಾ?" ಅಂದ. ಆಮೇಲೆ ಗಾಡಿ ಎಂದೂ ದಾರಿಯಲ್ಲಿ ನಿಲ್ಲಲಿಲ್ಲ.

ಮರುದಿನ ಶಾಲೆ ಬಿಟ್ಟ ಮೇಲೆ ಮಾಸ್ತರರು ಅಡುಗೆ ಮನೆಯ ಕಟ್ಟೆಯ ಮೇಲೆ ಕೂತರು. ನನ್ನನ್ನೂ ಕೂಡ್ರಿಸಿಕೊಂಡರು. ಅಡಿಗಿ ಅಕ್ಕ ಪಾತ್ರೆ ತಿಕ್ಕುತ್ತಿದ್ದಳು.

"ಅವ್ವಾ, ಒಂದು ಮಾತು ಕೇಳಬೇಕಾಗ್ಯಾದ. ಸಿಟ್ಟಾಗಬ್ಯಾಡ. ಆ ದಿನ ಗಾಡಿ ಸಿಕ್ಕಾಗ ಚಾವಿ ಎಲ್ಲಿತ್ತು? ನಿನಗೇನರ ಗೊತ್ತದ?"

ಅವಳು ತಿಕ್ಕುವುದು ನಿಲ್ಲಿಸಲಿಲ್ಲ. "ಟಾಕಿ ಮುಚ್ಚಳದಾಗ ಇತ್ತಂತ್ರಿ ಸರ್. ಮುಚ್ಚಳ ತೆರದೇ ಇತ್ತಂತ. ಮೊದಲ ಪೆಟ್ರೋಲ್ ಸುರಕೊಂಡು ಸುಟಗೋಬೇಕಂತ ಮಾಡಿದ್ದ, ಧೈರ್ಯ ಸಾಲದ ಹೊಳಿಗೆ ಹಾರಿದ... ಹಂಗಂತ ನಮ್ಮ ಭಾವ ಎಲ್ಲರ ಮುಂದ ಹೇಳ್ಯಾನ್ರಿ. ಎಷ್ಟು ಬ್ಯಾಸರ ಕೊಟ್ಟಿದ್ದಳು ನೋಡ್ರಿ ಅಂತ."

"ಗಾಡಿ ಮೊದಲೂ ನಿಂದ್ರತಿತ್ತೇನು?"

"ಆಗಾಗ ನಿಂದ್ರತದ ಅಂತಿದ್ರು ಅವರು. ಯಾಕಂತ ತಿಳೀವಲ್ದು ಅಂತಿದ್ರು."

ಮಾಸ್ತರರು ಅವಳಿಗೆ ಎಲ್ಲ ಹೇಳಿದರು. ಅವಳೇ ಹೊಡೆದ ಡಬ್ಬಿಯ ಎರಡನೆಯ ತೂತಿನಿಂದ ಶುರು ಮಾಡಿ, ತಾವು ಬಿದ್ದ ಗುಣಿಯವರೆಗೆ. ಅವಸರ ಮಾಡದೆ, ಹುಡುಗರಿಗೆ ಲೆಕ್ಕ ಬಿಡಿಸುವ ದನಿಯಲ್ಲಿ. ಕೊನೆಗೆ ಅಂದರು: "ಸಾಯಲಿಕ್ಕ ಹೋದವ ಟಾಕಿ ತೆಗದು ಪೆಟ್ರೋಲ್ ಅದನೋ ಇಲ್ಲೋ ಅಂತ ನೋಡಂಗಿಲ್ಲವ್ವಾ. ಗಾಡಿ ನಿಂತದ, ಅದಕ್ಕ ನೋಡ್ಯಾನ. ಮುಂದ ಏನಾಯ್ತು ಅನ್ನೂದು ಕಣ್ಣಾರೆ ಕಂಡವರಿಲ್ಲ. ನನಗ ಮಾತ್ರ ಅದೇ ಆಗಿತ್ತು, ಈ ತಮ್ಮ ಹಿಡದ."

ಪಾತ್ರೆ ಅವಳ ಕೈಯಿಂದ ಜಾರಿತು. ಬೂದಿ ಹತ್ತಿದ ಕೈ ಹಾಗೇ ತೊಡೆಯ ಮೇಲೆ ಇಟ್ಟುಕೊಂಡಳು. ಆಮೇಲೆ ನಮ್ಮನ್ನಲ್ಲ, ಎದುರಿನ ಗೋಡೆಯನ್ನು ಕೇಳಿದ ಹಾಗೆ ಕೇಳಿದಳು:

"ಅಂದ್ರ... ಅವರು ನನ್ನ ಕರಕೊಂಡು ಹೋಗಲಿಕ್ಕ ಬರ್ಲಿಕತ್ತಿದ್ರೇನ್ರಿ?"

ಆ ರಸ್ತೆ ಈ ಊರಿಗೆ ಬರುತ್ತದೆ. ಅವನಿಗೆ ಈ ಕಡೆ ಬೇರೆ ಯಾರೂ ಇರಲಿಲ್ಲ. "ಗಾಡಿಯ ಮುಖ ಯಾ ಕಡಿಗಿತ್ತು ಅಂತ ಹೇಳಿದ್ರು?" ಅಂತ ಮಾಸ್ತರರು ಕೇಳಿದರು.

"ಈ ಕಡಿಗೇ," ಅಂದಳು. ಆಮೇಲೆ ಸೆರಗಿನಿಂದ ಮುಖ ಮುಚ್ಚಿಕೊಂಡಳು. ನಾವು ಎದ್ದು ಬಂದೆವು. ಗೇಟಿನವರೆಗೆ ಅವಳ ಅಳು ಕೇಳುತ್ತಿತ್ತು.

ಆ ರವಿವಾರ ಮಾಸ್ತರರು, ಮಿಸ್ತ್ರಿ, ನಾನು ಮೂವರೂ ಅವಳ ಗಂಡನ ಮನೆಗೆ ಹೋದೆವು. ಅವಳ ಭಾವ ಎಲ್ಲ ಕೇಳಿ, "ಈಗ ಹೇಳಿದ್ರ ಸತ್ತವ ಬರ್ತಾನೇನ್ರಿ?" ಅಂದು ಎದ್ದು ಹೋದ. ಒಳಗಿನ ಕತ್ತಲೆಯಲ್ಲಿ ಒಬ್ಬ ಮುದುಕಿ ಗೋಡೆಗೆ ಒರಗಿ ಕೂತಿದ್ದಳು, ಸತ್ತವನ ತಾಯಿ. ದಸರೆಯ ಹೊತ್ತಿಗೆ ಅವಳು ಒಬ್ಬಳೇ ಬಸ್ಸು ಹತ್ತಿ ಶಾಲೆಗೆ ಬಂದಳು. ಅಡುಗೆ ಮನೆಯ ಹೊಸ್ತಿಲ ಮೇಲೆ ಕೂತಳು. ಸೊಸೆ ನೀರು ಕೊಟ್ಟಳು, ತಟ್ಟೆ ಹಾಕಿದಳು. ಮುದುಕಿ ಉಂಡಳು. ಇಬ್ಬರ ನಡುವೆ ಏನು ಮಾತಾಯಿತೋ ನಾವು ಕೇಳಲು ಹೋಗಲಿಲ್ಲ.

ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ನಗುತ್ತ ಬರೆಯುತ್ತಿದ್ದೆ...

ಗಾಡಿ ಸುಧಾರಿಸಿತು, ಸೇತುವೆ ಸುಧಾರಿಸಲಿಲ್ಲ. ಅಂಚಿಗೆ ಕಲ್ಲು ನಿಲ್ಲಿಸಿರಿ ಅಂತ ಮಾಸ್ತರರು ರಜೆ ಇದ್ದಾಗೆಲ್ಲ ಕಚೇರಿಗೆ ಅಲೆದರು. ಎತ್ತರದ ಹೊಸ ಸೇತುವೆ ಬರುತ್ತದೆ, ಹಳೆಯದಕ್ಕೆ ಯಾಕೆ ಖರ್ಚು ಅಂತ ಉತ್ತರ. ಬರುವುದು ಯಾವಾಗ ಅಂದರೆ ಅದಕ್ಕೆ ಉತ್ತರವಿಲ್ಲ. ನೀರು ಮೇಲೆ ಬಂದಾಗ ಗಾಡಿ ಹೊಡೆಯಬೇಡಿ ಅಂತ ಅವರು ಶಾಲೆಯಲ್ಲಿ, ಹೋಟೆಲಿನಲ್ಲಿ, ಕಂಡಕಂಡವರಿಗೆ ಹೇಳುತ್ತಿದ್ದರು.

ಮುಂದಿನ ಮಳೆಗಾಲ. ನಾನು ತರಬೇತಿಗೆಂದು ಸೇಡಂನಲ್ಲಿದ್ದೆ. ಚಿತ್ತಾಪುರದ ಕಡೆ ಅಂದು ಒಳ್ಳೆಯ ಬಿಸಿಲಿತ್ತಂತೆ. ಮಧ್ಯಾಹ್ನ ಮಾಸ್ತರರಿಗೆ ಓಣಿಯಿಂದ ಫೋನ್ ಹೋಯಿತು, ತಾಯಿ ಬಚ್ಚಲಲ್ಲಿ ಬಿದ್ದಿದ್ದಾರೆ ಅಂತ. ಅವರು ಕೂಡಲೇ ಹೊರಟರು. ಹೊಳೆಗೆ ಬಂದಾಗ ನೀರು ಸೇತುವೆಯ ಮೇಲೆ ಪಾದ ತೋಯುವಷ್ಟು ಹರಿಯುತ್ತಿತ್ತು. ಆಚೆ ದಂಡೆಯ ಕುರಿಯವರು ನೋಡಿದ್ದು ಇಷ್ಟು: ಮಾಸ್ತರರು ದಂಡೆಯ ಮೇಲೆಯೇ ಗಾಡಿ ಆರಿಸಿದರು. ಸ್ಟ್ಯಾಂಡ್ ಹಾಕಿ, ಹ್ಯಾಂಡಲ್ ಲಾಕ್ ಮಾಡಿದರು. ಚಪ್ಪಲಿ ಕೈಯಲ್ಲಿ ಹಿಡಿದು, ಸೇತುವೆಯ ನಡುಗೆರೆ ಬಿಡದೆ, ಒಂದೊಂದೇ ಹೆಜ್ಜೆ ಊರಿ ನಡೆದು ಬಂದರು. ಅರ್ಧ ದಾಟಿದ್ದರು. ಮೇಲೆ ಚಿಂಚೋಳಿಯ ಕಡೆ ಬಿದ್ದ ಮಳೆಯ ನೀರು ಆಗ ಬಂತು. ಕುರಿಯವರು ಒದರಿದರು. ಅವರು ತಲೆಯೆತ್ತಿ ನೋಡಿದರು...

ಗಾಡಿ ದಂಡೆಯ ಮೇಲೆ ಹಾಗೇ ನಿಂತಿತ್ತು.

ನಾನು ಬಂದಾಗ ಊರ ಬಾಯಲ್ಲಿ ಒಂದೇ ಮಾತು: ಆ ಗಾಡಿ ಇಬ್ಬರನ್ನು ತಿಂದಿತು. ಹೇಳಿದರೂ ಕೇಳಲಿಲ್ಲ, ಸತ್ತವನ ವಸ್ತು ಮುಟ್ಟಿದರು. ಮಾತನಾಡಿಸಲು ಬಂದವರು ಅವರ ತಾಯಿಯ ಮುಂದೆಯೇ ಅನ್ನುತ್ತಿದ್ದರು. ತಾಯಿ ಸೊಂಟಕ್ಕೆ ಪ್ಲಾಸ್ಟರ್ ಹಾಕಿಸಿಕೊಂಡು ಮಂಚದ ಮೇಲೆ ಮಲಗಿದ್ದರು. "ಸುಡ್ರಿ ಆ ಗಾಡಿ, ಹೊಳಿಗೆ ನೂಕ್ರಿ," ಅಂತ ಒಂದೇ ಸಮ ಅನ್ನುತ್ತಿದ್ದರು. ನಾನು ಎದುರಿಗೆ ಕೂತಿದ್ದೆ.

ಅಂದು ಅಡಿಗಿ ಅಕ್ಕ ಬಂದಳು. ಮಂದಿಯ ನಡುವೆ ಎಂದೂ ನಿಲ್ಲದವಳು, ಅಷ್ಟು ಜನರನ್ನು ದಾಟಿ ನೇರ ಮಂಚದ ಹತ್ತಿರ ಹೋದಳು.

"ಆಯೀ, ಗಾಡಿ ಚಲೋ ಇತ್ರಿ. ಅದು ನಿಂತಿಲ್ಲ. ಅವರೇ ನಿಲ್ಲಸ್ಯಾರ. ನೀರಿನ ಮ್ಯಾಲ ಗಾಡಿ ಹೊಡೀಬಾರದು ಅಂತ ಊರಿಗೆಲ್ಲ ಹೇಳಿದವರು, ತಾವೂ ಹೊಡದಿಲ್ಲ. ನಿಮ್ಮನ್ನ ನೋಡಬೇಕಂತ ನಡಕೋತ ಬಂದಾರ." ಆಮೇಲೆ ತಿರುಗಿ ಅಂಗಳದಲ್ಲಿ ಕೂತವರನ್ನು ನೋಡಿದಳು. "ಬ್ರಿಜ್ ತಗ್ಗಿತ್ತು. ಅಂಚಿಗೆ ಒಂದು ಕಲ್ಲಿರಲಿಲ್ಲ. ಅದಕ್ಕ ಯಾರೂ ಏನೂ ಅನ್ನಂಗಿಲ್ಲ. ಗಾಡಿಗಿ ಅಂತೀರಿ, ಹೆಂಡ್ತಿಗಿ ಅಂತೀರಿ."

ಮಾಸ್ತರರ ತಾಯಿ ಕೈ ಚಾಚಿದರು. ಅವಳು ಆ ಕೈ ಹಿಡಿದುಕೊಂಡು ಮಂಚದ ಕೆಳಗೆ, ನೆಲದ ಮೇಲೆ, ಸಂಜೆಯವರೆಗೆ ಕೂತಿದ್ದಳು.

ಈಗ ಅಲ್ಲಿ ಎತ್ತರದ ಸೇತುವೆಯಾಗಿದೆ. ಬಸ್ಸುಗಳು ವೇಗ ತಗ್ಗಿಸದೆ ಹೋಗುತ್ತವೆ. ಬೇಸಿಗೆಯಲ್ಲಿ ಕೆಳಗೆ ಹಳೆಯ ಸೇತುವೆಯ ಬೆನ್ನು ಕಾಣುತ್ತದೆ. ಒಮ್ಮೆ ಬಸ್ಸಿನಲ್ಲಿ ಹಿಂದಿನ ಸೀಟಿನವನೊಬ್ಬ ತನ್ನ ಗೆಳೆಯನಿಗೆ ಅದನ್ನು ತೋರಿಸಿ, ಇಲ್ಲಿ ಒಂದು ದೆವ್ವದ ಗಾಡಿ ಇತ್ತಂತೆ, ಒಬ್ಬ ಮಾಸ್ತರನನ್ನೂ ಎಳೆದುಕೊಂಡಿತಂತೆ ಅಂತ ಹೇಳುತ್ತಿದ್ದ. ನಾನು ತಿರುಗಿ ಕೂತು ಇದೆಲ್ಲ ಹೇಳತೊಡಗಿದೆ. ಅರ್ಧ ಆಗುವಷ್ಟರಲ್ಲಿ ಅವನ ಊರು ಬಂತು, ಇಳಿದು ಹೋದ. ಮಾಸ್ತರರಾಗಿದ್ದರೆ ನಾಲ್ಕು ಮಾತಿನಲ್ಲಿ ತಿಳಿಯುವ ಹಾಗೆ ಹೇಳುತ್ತಿದ್ದರು.

ಮಾಸ್ತರರ ತಾಯಿಯೂ ಹೋದರು. ಮಿಸ್ತ್ರಿ ಅಂಗಡಿ ಮುಚ್ಚಿ ಮಗಳ ಊರಿಗೆ ಹೋದ. ನಾನು ಗಾಡಿ ಕಲಿತು, ಈಗ ನಾನೇ ಓಡಿಸಿಕೊಂಡು ಈ ಕಡೆಯ ದಾರಿಗಳಲ್ಲೆಲ್ಲ ತಿರುಗುತ್ತೇನೆ. ಆಗ ಮಾಸ್ತರರ ಬೆನ್ನು ಅಡ್ಡ ಇರುತ್ತಿತ್ತು, ಮುಂದಿನದು ಏನೂ ಕಾಣುತ್ತಿರಲಿಲ್ಲ. ಈಗ ದಾರಿ ಪೂರ್ತಿ ಕಾಣುತ್ತದೆ.